ಅಕ್ಷರ ನನ್ನದು, ಅರ್ಥ ಅವಳದು

ನನ್ನ ಹೆಂಡತಿಗೆ ನನ್ನ ಇಂಗ್ಲಿಷಿನ ಮೇಲೆ ಎಳ್ಳಷ್ಟೂ ಗೌರವವಿಲ್ಲ. ಇದು ಬರೀ ಹೊಟ್ಟೆಕಿಚ್ಚು ಎಂದು ತಿಳಿದು ಇಪ್ಪತ್ತಾರು ವರ್ಷ ಕ್ಷಮಿಸಿಕೊಂಡು ಬಂದೆ. ಬೋರ್ಡು ಬರೆಯುವುದು ನನ್ನ ಕಸುಬು. ಊರಿನ ಅರ್ಧ ಅಂಗಡಿಗಳ ಹಣೆಬರಹ ಬರೆದವನು ನಾನೇ, ಅದೂ ಇಂಗ್ಲಿಷಿನಲ್ಲಿ, ನೆರಳು ಹೊಡೆದು, ಅಂಚು ಕಟ್ಟಿ. ಇವಳೋ, ಎ ಯಾವುದು ಎಚ್ ಯಾವುದು ಎಂದು ಕೇಳಿದರೆ "ಎರಡೂ ಏಣೀನೇ ಅಲ್ವೇನ್ರೀ" ಎನ್ನುವವಳು. ಇಂಥವಳು ನನ್ನ ಇಂಗ್ಲಿಷ್ ಕೇಳಿ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡರೆ ಮೈ ಉರಿಯುವುದಿಲ್ಲವೇ?

ಈಗ ಒಂದು ಗುಟ್ಟು ಹೇಳುತ್ತೇನೆ, ನಿಮ್ಮಲ್ಲೇ ಇರಲಿ. ನನಗೆ ಇಂಗ್ಲಿಷ್ ಓದಲು ಬರುತ್ತದೆ, ಬರೆಯಲು ಬರುತ್ತದೆ, ಇಪ್ಪತ್ತಾರು ಅಕ್ಷರವನ್ನೂ ಇಪ್ಪತ್ತಾರು ಬಗೆಯಲ್ಲಿ ಕುಣಿಸಲು ಬರುತ್ತದೆ. ಅರ್ಥ ಮಾತ್ರ ಬರುವುದಿಲ್ಲ. ಇದನ್ನು ಅಜ್ಞಾನ ಎಂದುಕೊಳ್ಳಬೇಡಿ, ಇದು ಕಸುಬಿನ ಶಿಸ್ತು. ನನಗೆ ಬ್ರಷ್ ಹಿಡಿಯಲು ಕಲಿಸಿದ ಗುರುಗಳು ಮೊದಲ ದಿನವೇ ಹೇಳಿದ್ದರು: "ಅರ್ಥದ ಕಡೆ ಕಣ್ಣು ಹೋದರೆ ಅಕ್ಷರ ಸೊಟ್ಟಗಾಗುತ್ತೆ ಕಣೋ. ಗಿರಾಕಿ ಬರೆದುಕೊಟ್ಟದ್ದನ್ನ ಗೆರೆ ಅಂತ ನೋಡು, ಮಾತು ಅಂತ ನೋಡಬೇಡ." ಗುರುವಾಕ್ಯವನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ನನ್ನ ಅಕ್ಷರ ಇವತ್ತಿಗೂ ಸೊಟ್ಟಗಾಗಿಲ್ಲ.

ಆದರೆ ಮನೆಯಲ್ಲಿ ಹೀಗೆಂದು ಒಪ್ಪಿಕೊಳ್ಳಲಾಗುತ್ತದೆಯೇ? ಯಜಮಾನನ ಸ್ಥಾನಕ್ಕೆ ಒಂದು ತೂಕ ಬೇಡವೇ? ಹಾಗಾಗಿ ಯಾರು ಯಾವ ಪದದ ಅರ್ಥ ಕೇಳಿದರೂ ಧಾರಾಳವಾಗಿ ಹೇಳುತ್ತಿದ್ದೆ. ಬಟ್ಟೆ ಒಗೆಯುವ ಯಂತ್ರ ಬಂದಾಗ ಅದರ ಮೇಲಿನ 'ಡೆಲಿಕೇಟ್' ಎಂಬ ಪದ ನೋಡಿ, "ಇದು ಡೀಲಕ್ಸ್‌ಗಿಂತ ಒಂದು ದರ್ಜೆ ಮೇಲೆ" ಎಂದೆ. ಎರಡು ವರ್ಷ ಬಣ್ಣ ಮೆತ್ತಿದ ನನ್ನ ಪ್ಯಾಂಟುಗಳನ್ನು ಅದರಲ್ಲೇ ಒಗೆದೆವು. ಪ್ಯಾಂಟು ಹೇಗೆ ಹೋಗುತ್ತಿತ್ತೋ ಹಾಗೇ ಬರುತ್ತಿತ್ತು. ಇನ್ನೊಮ್ಮೆ ಯಾವುದೋ ಕಚೇರಿಯಲ್ಲಿ ಲಿಫ್ಟಿನ ಬಾಗಿಲಿಗೆ ನಾನೇ ಬರೆದ 'ಔಟ್ ಆಫ್ ಆರ್ಡರ್' ಬೋರ್ಡು ತೂಗುತ್ತಿತ್ತು. ನನ್ನ ಕೈಬರಹವನ್ನು ಮೆಚ್ಚಿಕೊಳ್ಳುತ್ತಾ ಲಿಫ್ಟಿಗಾಗಿ ಕಾಯುತ್ತಾ ನಿಂತೆ. ಇವಳು ಮೆಟ್ಟಿಲು ಹತ್ತಿ ಹೋಗಿ, ಕೆಲಸ ಮುಗಿಸಿ, ಇಳಿದು ಬಂದು, "ಲಿಫ್ಟು ಬಂತೇನ್ರೀ" ಎಂದು ಬಹಳ ಮರ್ಯಾದೆಯಿಂದ ಕೇಳಿದಳು.

ಗಿರಾಕಿಗೆ ಬೇಡವಾದ ಬೋರ್ಡುಗಳೆಲ್ಲ ಕೊನೆಗೆ ನಮ್ಮ ಮನೆ ಸೇರುತ್ತವೆ. ನೀರಿನ ಡ್ರಮ್ಮಿಗೆ ಒಂದು ಮುಚ್ಚಳ, ಕಟ್ಟಿಗೆ ರಾಶಿಯ ಮೇಲೆ ಎರಡು. ಅವುಗಳಲ್ಲೆಲ್ಲ ಚೆಂದದ್ದನ್ನು, ನೀಲಿಯ ಮೇಲೆ ಚಿನ್ನದ ಬಣ್ಣದ್ದನ್ನು, ನಾಲ್ಕು ವರ್ಷದ ಹಿಂದೆ ಮುಂಬಾಗಿಲಿಗೇ ಹೊಡೆದಿದ್ದೆ. ಯಾವುದೋ ಕಾರ್ಖಾನೆಯವರಿಗೆ ಬರೆದದ್ದು. ಅವರು ಕೆಂಪು ಬೇಕಿತ್ತು ಎಂದು ವಾಪಸು ಮಾಡಿದ್ದರು. ಎರಡೇ ಸಾಲು, ಆದರೆ ಪ್ರಾಸ ಇತ್ತು. ಪ್ರಾಸ ಇದೆ ಎಂದ ಮೇಲೆ ಅದು ಯಾವುದೋ ಸ್ವಾಗತಪದ್ಯವೇ ಸರಿ ಎಂದು ತೀರ್ಮಾನಿಸಿ, "ಬಂಧುಗಳೇ ಬನ್ನಿ, ಬಾಗಿಲು ತೆರೆದಿದೆ ಅಂತ ಅರ್ಥ" ಎಂದು ಇವಳಿಗೆ ವಿವರಿಸಿದ್ದೆ. ಇವಳು ತಲೆಯಾಡಿಸಿದ್ದಳು. ವಿಚಿತ್ರವೆಂದರೆ ಬಾಗಿಲು ಅಷ್ಟು ತೆರೆದಿದ್ದರೂ ಬಂಧುಗಳು ಒಬ್ಬೊಬ್ಬರಾಗಿ ಬರುವುದು ಬಿಟ್ಟರು. ಟೈಪಿಸ್ಟ್ ಆಗಿದ್ದ ನನ್ನ ಅಕ್ಕ ಒಮ್ಮೆ ಗೇಟಿನವರೆಗೆ ಬಂದು, ನಿಂತು, ಹಾಗೇ ಹಿಂದಿರುಗಿದಳಂತೆ. ಆಮೇಲೆ ನಾಲ್ಕು ವರ್ಷ ಮುಖ ತೋರಿಸಿಲ್ಲ. ಕೂಲಿ ಕೆಲಸದ ತಮ್ಮ ಎಂಬ ತಾತ್ಸಾರ ಎಂದುಕೊಂಡು ನಾನೂ ಬಿಗುಮಾನದಿಂದ ಫೋನು ಮಾಡಿರಲಿಲ್ಲ.

ಇರಲಿ, ವಿಷಯಕ್ಕೆ ಬರುತ್ತೇನೆ. ಊರಿಗೆ ಫ್ಲೆಕ್ಸ್ ಯಂತ್ರ ಬಂದ ಮೇಲೆ ನನ್ನ ಕಸುಬಿಗೆ ಉಬ್ಬಸ ಹಿಡಿಯಿತು. ಎಂಟು ತಿಂಗಳಲ್ಲಿ ಬರೆದದ್ದು ಮೂರೇ ಬೋರ್ಡು, ಅದರಲ್ಲೊಂದು ನಾಯಿಗೂಡಿಗೆ. ಅಂಥ ಹೊತ್ತಿನಲ್ಲಿ ಹೊಸ ಆಸ್ಪತ್ರೆ ತೆರೆಯುತ್ತಿದ್ದ ಡಾಕ್ಟರಮ್ಮ ಕರೆಸಿದರು. ಅವರಿಗೆ ಕೈಬರಹದ ಬೋರ್ಡೇ ಇಷ್ಟವಂತೆ. "ಕೆಳ ಅಂತಸ್ತಿಗೆ ಮೂವತ್ತೊಂದು ಬೋರ್ಡು. ನೀವೇ ಬರೆದು ನೀವೇ ಹಾಕಿಕೊಡಿ. ಸರಿಯಾಗಿ ಬಂದರೆ ಮೇಲಿನ ಎರಡು ಅಂತಸ್ತೂ ನಿಮಗೆ. ಇಲ್ಲದಿದ್ದರೆ ಫ್ಲೆಕ್ಸ್‌ನವರು ಕಾಯ್ತಿದ್ದಾರೆ," ಎಂದು ಒಂದು ಚೀಟಿ ಕೊಟ್ಟರು. ಎಡಕ್ಕೆ ಪದ, ಬಲಕ್ಕೆ ಬಾಗಿಲಿನ ನಂಬರು. "ಏನಾದರೂ ಅನುಮಾನ ಇದ್ದರೆ ಕೇಳಿ," ಎಂದರು. ನಾನು ನಕ್ಕು, "ಇಪ್ಪತ್ತಾರು ವರ್ಷದ ಅನುಭವ ಮೇಡಂ, ನೀವು ನಿಶ್ಚಿಂತೆಯಾಗಿರಿ," ಎಂದೆ. (ಈ ಬಾಯಿಗೊಂದು ಬೀಗ ಬೇಕಿತ್ತು.)

ಹತ್ತು ದಿನ ಹಗಲೆಲ್ಲ ಕೂತು ಬರೆದೆ. ಅಂಥ ಅಕ್ಷರ ನನ್ನ ಜನ್ಮದಲ್ಲೇ ಬಿದ್ದಿರಲಿಲ್ಲ. ಹಜಾರದ ತುಂಬ ಮೂವತ್ತೊಂದು ತಗಡು ಗೋಡೆಗೆ ಒರಗಿ ಒಣಗುತ್ತಿದ್ದವು. ಇನ್ನು ನಂಬರು ನೋಡಿ ಬಾಗಿಲಿಗೆ ಹೊಡೆಯುವುದಷ್ಟೇ ಬಾಕಿ ಎಂದು ಚೀಟಿಗಾಗಿ ಕೈಚಾಚಿದೆ. ಚೀಟಿ ಇತ್ತು. ಆದರೆ ಅದರಲ್ಲಿ ಪದವೂ ಇರಲಿಲ್ಲ, ನಂಬರೂ ಇರಲಿಲ್ಲ, ನೀಲಿ ಬಣ್ಣ ಇತ್ತು. ನನ್ನದೊಂದು ಹಳೆಯ ಅಭ್ಯಾಸ. ತಗಡಿನ ಮೇಲೆ ಪೆನ್ಸಿಲಿನಲ್ಲಿ ಅಕ್ಷರ ಗುರುತು ಮಾಡಿಕೊಂಡ ಮೇಲೆ ಚೀಟಿಯ ಋಣ ತೀರಿತು ಎಂದು ಅದರಲ್ಲೇ ಬ್ರಷ್ ಒರೆಸುತ್ತೇನೆ. ಇಷ್ಟು ವರ್ಷ ಇದರಿಂದ ತೊಂದರೆಯಾಗಿರಲಿಲ್ಲ. ಒಂದು ಅಂಗಡಿಗೆ ಒಂದೇ ಬೋರ್ಡು, ಎಲ್ಲಿ ಹೊಡೆಯಬೇಕು ಎಂದು ಅಂಗಡಿಯೇ ಹೇಳುತ್ತಿತ್ತು.

ಆಸ್ಪತ್ರೆ ಭಾನುವಾರ ಆರಂಭ. ಅವತ್ತು ಬುಧವಾರ. ಮೂವತ್ತೊಂದು ಬೋರ್ಡು, ಮೂವತ್ತೊಂದು ಜಾಗ, ನಡುವೆ ನಾನು. ಡಾಕ್ಟರಮ್ಮನನ್ನು ಕೇಳುವುದೆಂದರೆ ಇಪ್ಪತ್ತಾರು ವರ್ಷದ ಅನುಭವವನ್ನು ಬಣ್ಣ ಕರಗಿಸುವ ಟರ್ಪೆಂಟೈನಿನಲ್ಲಿ ಅದ್ದಿದ ಹಾಗೆ. ಹೆಂಡತಿಯನ್ನು ಕೇಳುವುದು ಅದಕ್ಕಿಂತ ಕಷ್ಟ. ಆದರೆ ನನ್ನ ಬುದ್ಧಿ ಸಾಮಾನ್ಯದ್ದಲ್ಲ. ಒಂದು ಬೋರ್ಡು ಎತ್ತಿ ಹಿಡಿದು ಅಡುಗೆಮನೆಗೆ ಹೋದೆ.

"ಏನೇ, ನಿನ್ನ ಬುದ್ಧಿಮಟ್ಟ ಸ್ವಲ್ಪ ಪರೀಕ್ಷೆ ಮಾಡೋಣ ಅಂತ. ಇದೇನು ಹೇಳು ನೋಡೋಣ."

"ನಿಮಗೆ ಗೊತ್ತಿಲ್ವಾ?"

"ಗೊತ್ತಿರೋದಕ್ಕೇ ಪರೀಕ್ಷೆ ಮಾಡ್ತಿರೋದು."

"ಹಾಗಾದ್ರೆ ನೀವೇ ಮೊದಲು ಹೇಳಿ. ಸರಿಯಿದ್ರೆ ನಾನು ತಲೆ ಆಡಿಸ್ತೀನಿ."

"ಪರೀಕ್ಷೇಲಿ ಮೇಷ್ಟ್ರು ಉತ್ತರ ಹೇಳ್ತಾರೇನೇ?"

ಅವಳು ಸೌಟು ಕೆಳಗಿಟ್ಟು ನನ್ನ ಮುಖ ನೋಡಿದಳು. ಆಮೇಲೆ ನನ್ನ ಇನ್ನೊಂದು ಕೈಯಲ್ಲಿದ್ದ ನೀಲಿ ಚೀಟಿ ನೋಡಿದಳು.

"ಇದರಲ್ಲೂ ಬ್ರಷ್ ಒರೆಸಿದ್ರಾ?"

"ಒರೆಸಿದೆ."

"ಎಲ್ಲಿ ಯಾವುದು ಹಾಕ್ಬೇಕು ಅಂತ ಇದರಲ್ಲೇ ಇತ್ತಾ?"

"ಇತ್ತು."

"ಓದ್ಕೊಂಡಿದ್ರಾ?"

"ಬರ್ಕೊಂಡಿದ್ದೆ."

ಇಂಥ ಹೊತ್ತಿನಲ್ಲಿ ಬೇರೆ ಹೆಂಡತಿಯರು ಬಯ್ಯುತ್ತಾರೆ, ಬಯ್ದರೆ ನಾವೂ ತಿರುಗಿ ಬಯ್ಯಬಹುದು. ಇವಳು ಬಯ್ಯಲಿಲ್ಲ. ಒಲೆ ಆರಿಸಿ, ಕೈ ಒರೆಸಿಕೊಂಡು, ಹಜಾರಕ್ಕೆ ಬಂದು ಮೂವತ್ತೊಂದು ಬೋರ್ಡುಗಳ ಮುಂದೆ ನೆಲದ ಮೇಲೆ ಕೂತಳು. ಎ ಮತ್ತು ಎಚ್ ಎರಡನ್ನೂ ಏಣಿ ಎನ್ನುವವಳು ಏನು ಮಾಡಿಯಾಳು ಎಂದು ನಾನು ಗೋಡೆಗೆ ಒರಗಿ ನೋಡುತ್ತಿದ್ದೆ.

"ಇದು ಬಸ್‌ಸ್ಟ್ಯಾಂಡಲ್ಲಿ ಗಾಜಿನ ಕಿಟಕಿ ಮೇಲಿದೆ," ಎಂದು ಒಂದನ್ನು ಪಕ್ಕಕ್ಕೆ ಎಳೆದಳು. ನಾನು ಓದಿದೆ, ಎನ್‌ಕ್ವೈರಿ. "ಅಲ್ಲಿ ತಲೆ ಬಗ್ಗಿಸಿ ಏನಾದ್ರೂ ಕೇಳಿದ್ರೆ ಒಳಗಿರೋನು ಏನು ಬೇಕು ಅಂತ ಸಿಡುಕ್ತಾನೆ. ಈ ಇನ್ನೊಂದು ಬೋರ್ಡು ಇದ್ದ ಕಡೆ ಒಳಗೆ ಹೋದ್ರೆ ಯಾರಾದ್ರೂ ಓಡಿ ಬಂದು, ಅಮ್ಮಾ ಇದು ಇಲ್ಲಿ ಕೆಲಸ ಮಾಡೋರಿಗೆ ಮಾತ್ರ ಅಂತಾರೆ." ಸ್ಟಾಫ್ ಓನ್ಲಿ. "ಇದು ಬ್ಯಾಂಕಿನ ಬಾಗಿಲು. ಮೊದಲ ಸಲ ತಳ್ಳಿ ತಳ್ಳಿ ಭುಜ ಹಿಡ್ಕೊಂಡಿತ್ತು. ಎಳೀಬೇಕು." ಪುಲ್. "ಇದರ ಕೆಳಗೆ ಕೂತ್ರೆ ಆ ದಿನ ಮನೆ ಕೆಲಸ ಆಗಲ್ಲ ಅಂತ ಲೆಕ್ಕ." ವೇಟಿಂಗ್.

ನಾನು ಬಾಯಿ ಬಿಟ್ಟುಕೊಂಡು ನಿಂತೆ. ಒಂದಕ್ಷರವೂ ಬಾರದವಳು ಪದದ ಮುಖ ನೋಡಿಯೇ ಅದರ ಗುಣ, ನಡತೆ, ಮನೆತನ ಎಲ್ಲ ಹೇಳುತ್ತಿದ್ದಳು.

"ಎಲ್ಲಿ ಕಲಿತೆ ಇದನ್ನೆಲ್ಲ?"

"ಬ್ಯಾಂಕು, ಆಸ್ಪತ್ರೆ, ಕಚೇರಿ ಅಂತ ಓಡಾಡೋರು ಯಾರು ನಮ್ಮನೇಲಿ? ನೀವು ಬೋರ್ಡು ಬರೆದು ಏಣಿ ಇಳಿದು ಬಂದ್ಬಿಡ್ತೀರಿ. ಆಮೇಲೆ ಅದರ ಕೆಳಗೆ ನಿಲ್ಲೋರು ನಾವು."

ಅವತ್ತು ಲೆಕ್ಕ ಹಾಕಿದೆ. ಅಕ್ಷರ ನನ್ನ ಹತ್ತಿರ, ಅರ್ಥ ಅವಳ ಹತ್ತಿರ. ಇಬ್ಬರನ್ನೂ ಕೂಡಿಸಿದರೆ ಮನೆಯಲ್ಲಿ ಒಬ್ಬ ಪೂರ್ತಿ ವಿದ್ಯಾವಂತ ಇದ್ದಾನೆ.

ತೊಂದರೆ ಏನೆಂದರೆ ಬೆಳಿಗ್ಗೆ ಕೇಳಿದ್ದು ಸಂಜೆಗೆ ನನ್ನ ತಲೆಯಿಂದ ಒಣಗಿಹೋಗಿತ್ತು. "ಕೇಳಿ ಕಲಿಯೋ ವಯಸ್ಸಲ್ಲ ನಿಮ್ಮದು. ಅನುಭವಿಸಿ ಕಲೀರಿ," ಎಂದು ಇವಳು ಗುರುವಾರ ಬೆಳಿಗ್ಗೆಯೇ ಬೋರ್ಡುಗಳನ್ನು ಮನೆ ತುಂಬ ತೂಗುಹಾಕಿದಳು. ನಮ್ಮ ಎರಡೂವರೆ ಕೋಣೆಯ ಬಡಮನೆ ರಾತ್ರಿ ಕಳೆಯುವುದರೊಳಗೆ ಸಾಮ್ರಾಜ್ಯವಾಗಿಬಿಟ್ಟಿತ್ತು. ಅಡುಗೆಮನೆ ಬಾಗಿಲಿಗೆ ಸ್ಟಾಫ್ ಓನ್ಲಿ. ಅಭ್ಯಾಸಬಲದಿಂದ ಒಳಗೆ ಕಾಲಿಟ್ಟೆ.

"ನೀವು ಇಲ್ಲಿ ಕೆಲಸ ಮಾಡ್ತೀರಾ?"

"ಇಲ್ಲ."

"ಹಾಗಾದ್ರೆ ಹೊರಗೆ. ಏನಿದ್ರೂ ಕಿಟಕೀಲಿ ಕೇಳಿ."

ಕಿಟಕಿಗೆ ಹೋದೆ. ಅಲ್ಲಿ ಎನ್‌ಕ್ವೈರಿ. ತಲೆ ಬಗ್ಗಿಸಿ, "ಟೀ ಸಿಗುತ್ತಾ?" ಎಂದು ಕೇಳಿದೆ. ಒಳಗಿನಿಂದ ಬಸ್‌ಸ್ಟ್ಯಾಂಡಿನವನ ಧಾಟಿಯಲ್ಲೇ "ಏನು ಬೇಕು?" ಎಂದು ಸಿಡುಕಿದಳು. ಆಮೇಲೆ ಬೆಂಚು ತೋರಿಸಿದಳು. ಬೆಂಚಿನ ಮೇಲೆ ವೇಟಿಂಗ್. ಮುಕ್ಕಾಲು ಗಂಟೆ ಕೂತೆ. ಆ ಪದ ಈ ಜನ್ಮದಲ್ಲಿ ಮರೆಯುವುದಿಲ್ಲ. ಹೊರಗೆ ಹೋಗಲು ಎಕ್ಸಿಟ್ ಎಂಬ ಹಿತ್ತಲ ಬಾಗಿಲೇ ಆಗಬೇಕು, ಮುಂಬಾಗಿಲಲ್ಲಿ ಹೊರಟರೆ ತಿರುಗಿ ಬಂದು ಮತ್ತೆ ಹೋಗಬೇಕು. ನಾನು ಗೊಣಗಲು ಶುರುಮಾಡಿದಾಗ ಏನೂ ಹೇಳದೆ ನನ್ನ ಮಂಚದ ಮೇಲಿನ ಸೈಲೆನ್ಸ್ ಬೋರ್ಡನ್ನು ಬೆರಳಿನಿಂದ ತಟ್ಟಿದಳು. ಶುಕ್ರವಾರ ಪುಷ್ ಮತ್ತು ಪುಲ್ಲನ್ನು ಮೂರನೇ ಸಲ ಅದಲುಬದಲು ಮಾಡಿ ಬೀರುವಿನ ಹಿಡಿ ಕಿತ್ತು ಕೈಗೆ ಬಂದಾಗ, ಕಟ್ಟಿಗೆ ರಾಶಿಯ ಮೇಲಿದ್ದ ಹಳೆಯ ಔಟ್ ಆಫ್ ಆರ್ಡರ್ ಬೋರ್ಡನ್ನು ತಂದು ನನ್ನ ಕುರ್ಚಿಯ ಬೆನ್ನಿಗೆ ತಗುಲಿಹಾಕಿದಳು. ಅದರ ಅರ್ಥ ಏನೆಂದು ನಾನು ಕೇಳಲಿಲ್ಲ. ಲಿಫ್ಟಿನ ನೆನಪಾಯಿತು.

"ಬೋರ್ಡು ನೋಡಿ ಬಾಗಿಲು ತೆರೆಯೋದು ಎಲ್ಲರೂ ಮಾಡ್ತಾರೆ. ನೀವು ಬಾಗಿಲು ನೋಡಿ ಬೋರ್ಡು ಹಾಕಿ," ಎಂದಳು. ಶುಕ್ರವಾರ ಸಂಜೆ ಹೊತ್ತಿಗೆ ಮೂವತ್ತೊಂದಕ್ಕೆ ಮೂವತ್ತೊಂದೂ ಸರಿ ಹೇಳಿದೆ. ಇವಳು ಸ್ಟಾಫ್ ಓನ್ಲಿ ತೆಗೆದು, ಒಳಗೆ ಕರೆದು, ಎರಡು ಲೋಟ ಟೀ ಕೊಟ್ಟಳು.

ಶನಿವಾರ ಬೆಳಿಗ್ಗೆ ಆಸ್ಪತ್ರೆ ಪ್ರವೇಶಿಸಿದೆ. ಪ್ರವೇಶಿಸಿದೆ ಎಂಬ ಪದವೇ ಸರಿ, ಏಕೆಂದರೆ ನಾನು ಎಂಟ್ರೆನ್ಸ್ ಯಾವುದು ಎಂದು ತಿಳಿದು ಒಳಗೆ ಹೋದದ್ದು ಅದೇ ಮೊದಲು. ಏಣಿ ಹಿಡಿಯಲು ಇವಳು ಬಂದಿದ್ದಳು. ಬಾಗಿಲಿನಿಂದ ಬಾಗಿಲಿಗೆ ಹೋದೆವು. ನಾನು ಕೋಣೆಯೊಳಗೆ ಇಣುಕಿ, ಕಿಟಕಿ, ಬೆಂಚು, ಹಾಸಿಗೆ ನೋಡಿ, ಬೋರ್ಡು ಆರಿಸುತ್ತಿದ್ದೆ. ಒಂದೆರಡು ಕಡೆ ಕೈ ತಡೆದಾಗ ಕೆಳಗಿನಿಂದ ಒಂದು ಕೆಮ್ಮು ಬರುತ್ತಿತ್ತು, ನಾನು ಬೋರ್ಡು ಬದಲಾಯಿಸುತ್ತಿದ್ದೆ. ಮಧ್ಯಾಹ್ನದೊಳಗೆ ಮೂವತ್ತೊಂದೂ ಗೋಡೆ ಏರಿದವು.

ಡಾಕ್ಟರಮ್ಮ ತಮ್ಮ ಪಟ್ಟಿ ಹಿಡಿದು ಬಂದರು. ನಾನು ಕೊನೆಯ ಮೊಳೆ ಹೊಡೆಯುತ್ತಾ ಏಣಿಯ ಮೇಲೇ ಇದ್ದೆ. ಒಂದೊಂದು ಬಾಗಿಲಿಗೂ ಅವರು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು. ಒಂದೊಂದು ಗುರುತಿಗೂ ನನ್ನ ಎದೆ ಒಂದು ಮೆಟ್ಟಿಲು ಏರುತ್ತಿತ್ತು. ಹತ್ತೊಂಬತ್ತನೇ ಬಾಗಿಲಲ್ಲಿ ಪೆನ್ಸಿಲು ನಿಂತಿತು.

"ಇಲ್ಲಿ ಪುಲ್ ಅಂತ ಕೊಟ್ಟಿದ್ದೆನಲ್ಲ. ನೀವು ಪುಷ್ ಹಾಕಿದ್ದೀರಿ."

ಮೇಲಿನ ಎರಡು ಅಂತಸ್ತು ಫ್ಲೆಕ್ಸ್‌ನವನ ಮನೆ ಕಡೆ ನಡೆದುಹೋಗುವುದು ಕಣ್ಣಿಗೆ ಕಟ್ಟಿತು. ಆದರೆ ಆ ಬಾಗಿಲನ್ನು ನಾನೇ ತೆರೆದು ನೋಡಿದ್ದೆ. ಏಣಿಯ ಮೇಲಿನಿಂದಲೇ ಹೇಳಿದೆ:

"ಪುಲ್ ಹಾಕಬಹುದು ಮೇಡಂ. ಬಾಗಿಲು ಒಪ್ಪೋದಿಲ್ಲ."

ಡಾಕ್ಟರಮ್ಮ ಬಾಗಿಲು ಎಳೆದರು. ಬರಲಿಲ್ಲ. ಜೋರಾಗಿ ಎಳೆದರು. ಆಗಲೂ ಬರಲಿಲ್ಲ. ಒಂದು ಬೆರಳಿನಿಂದ ತಳ್ಳಿದರು, ಸದ್ದಿಲ್ಲದೆ ತೆರೆದುಕೊಂಡಿತು. ಪಕ್ಕದ ಬಾಗಿಲನ್ನೂ ಎಳೆದು ನೋಡಿ, ಎರಡನ್ನೂ ಅದಲುಬದಲು ಬರೆದಿದ್ದೆ ಎಂದು ಅವರು ತಮ್ಮ ಪಟ್ಟಿಯನ್ನು ತಾವೇ ತಿದ್ದಿಕೊಂಡರು. ಡಾಕ್ಟರರ ಬರವಣಿಗೆಯನ್ನು ತಿದ್ದಿಸಿದ ಮನುಷ್ಯ ಈ ಭೂಮಂಡಲದಲ್ಲಿ ಇನ್ನೊಬ್ಬನಿದ್ದರೆ ನನಗೆ ತೋರಿಸಿ.

"ಮೇಲಿನ ಎರಡು ಅಂತಸ್ತೂ ನಿಮಗೇ," ಎಂದರು. "ಒಬ್ಬೊಬ್ಬರು ಸುಮ್ಮನೆ ಬರೆದು ಹಚ್ಚಿ ಹೋಗ್ತಾರೆ. ನೀವು ಅರ್ಥ ಮಾಡಿಕೊಂಡು ಹಾಕಿದ್ದೀರಿ. ಇಂಗ್ಲಿಷ್ ಎಲ್ಲಿ ಕಲಿತಿರಿ?"

ಇಲ್ಲಿ ಕಥೆ ನಿಲ್ಲಿಸಬಹುದಿತ್ತು. ಆದರೆ ಏಣಿಯ ತುದಿಯಲ್ಲಿ ನಿಂತವನಿಗೆ ನೆಲ ಕಾಣುವುದಿಲ್ಲ. "ಎಲ್ಲ ಸ್ವಂತ ಪರಿಶ್ರಮ ಮೇಡಂ," ಎಂದೆ.

ಏಣಿ ಒಂದು ಸಲ ಅಲುಗಾಡಿತು.

ಮನೆಗೆ ಹೋಗುವ ದಾರಿಯುದ್ದಕ್ಕೂ ನನ್ನ ವಿಜಯಯಾತ್ರೆ. ಸಿಕ್ಕ ಸಿಕ್ಕ ಬೋರ್ಡು ಓದಿ ಅರ್ಥ ಹೇಳುತ್ತಾ ನಡೆದೆ. ಪುಣ್ಯಕ್ಕೆ ಅವುಗಳಲ್ಲಿ ಮುಕ್ಕಾಲು ಪಾಲು ನನ್ನವೇ. ನಮ್ಮ ಮುಂಬಾಗಿಲಿಗೆ ಬಂದಾಗ ಇವಳು ಬೀಗ ತೆಗೆಯದೆ ನಿಂತಳು.

"ಇಷ್ಟೊಂದು ಸ್ವಂತ ಪರಿಶ್ರಮ ಮಾಡಿದ್ದೀರಲ್ಲ, ನಮ್ಮನೆ ಬೋರ್ಡೂ ಒಂದ್ಸಲ ಓದಿ."

ನೀಲಿಯ ಮೇಲೆ ಚಿನ್ನದಕ್ಷರ. ಓದಿದೆ: 'ನೋ ಅಡ್ಮಿಷನ್ ವಿದೌಟ್ ಪರ್ಮಿಷನ್.' ನಾಲ್ಕೂ ಪದ ಆಸ್ಪತ್ರೆಯ ಬೋರ್ಡುಗಳಲ್ಲಿ ಅಲ್ಲೊಂದು ಇಲ್ಲೊಂದು ಇದ್ದವು, ಹಾಗಾಗಿ ಈಗ ನಾಲ್ಕೂ ನನ್ನ ಪರಿಚಯದವೇ. ನೋ ಎಂದರೆ ಕೂಡದು. ಅಡ್ಮಿಷನ್ ಎಂದರೆ ಒಳಗೆ ಬರುವುದು. ವಿದೌಟ್ ಎಂದರೆ ಇಲ್ಲದೆ. ಪರ್ಮಿಷನ್ ಎಂದರೆ... ನಾನು ಮೆಟ್ಟಿಲ ಮೇಲೆ ಕುಸಿದು ಕೂತೆ. ಬಂಧುಗಳೇ ಬನ್ನಿ ಎಂದು ತಿಳಿದು ನಾಲ್ಕು ವರ್ಷ ದಿನಾ ಬೆಳಿಗ್ಗೆ ಒರೆಸಿ ಹೊಳಪು ಬರಿಸುತ್ತಿದ್ದೆ. ಚಿಕ್ಕಂದಿನಲ್ಲಿ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದ ಅಕ್ಕ ಈ ಗೇಟಿನಲ್ಲಿ ನಿಂತು ಇದನ್ನು ಓದಿ ಹೋಗಿದ್ದಾಳೆ. ಅವಳಿಗೇ ಅಹಂಕಾರ ಎಂದುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು.

"ನಿನಗೆ ಗೊತ್ತಿತ್ತಾ?"

"ಕೊರಿಯರ್‌ನವನು ಹೇಳಿದ. ಗೇಟಲ್ಲೇ ನಿಂತು, ಅಪ್ಪಣೆ ಇದೆಯಾ ಅಮ್ಮಾ ಅಂತ ಕೂಗ್ತಿದ್ದ, ಯಾಕಪ್ಪಾ ಅಂದೆ."

"ಯಾವಾಗ?"

"ನೀವು ಹೊಡೆದ ಎರಡನೇ ವಾರ."

"ನಾಲ್ಕು ವರ್ಷ ಬಾಯಿ ಬಿಡಲಿಲ್ವಲ್ಲೇ!"

"ಅರ್ಥ ಹೇಳೋದು ನಿಮ್ಮ ಇಲಾಖೆ ಅಲ್ವಾ? ನಾನ್ಯಾಕೆ ಅಡ್ಡ ಬರಲಿ." ಬೀಗ ತೆಗೆಯುತ್ತಾ ಸೇರಿಸಿದಳು, "ಅದಕ್ಕೆ ಮುಂಚೆ ಈ ಮನೇಲಿ ಒಂದು ಭಾನುವಾರ ನಾವಿಬ್ಬರೇ ಊಟ ಮಾಡಿದ್ದು ನೆನಪಿದೆಯಾ ನಿಮಗೆ?"

ನಾನು ಕೋಪದಿಂದ ಆ ಬೋರ್ಡು ಕಿತ್ತೆ. ಅಕ್ಕನಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಮೊದಲು ಅತ್ತಳು, ಆಮೇಲೆ ಎಷ್ಟು ನಕ್ಕಳೆಂದರೆ ಭಾವ ಫೋನು ಕಸಿದುಕೊಂಡು ಏನಾಯಿತು ಎಂದು ಕೇಳಿದರು. "ತಮ್ಮ ದೊಡ್ಡ ಮನುಷ್ಯ ಆಗಿಬಿಟ್ಟ ಅಂದ್ಕೊಂಡಿದ್ದೆ ಕಣೋ," ಎಂದಳು. ನಾನು ಎರಡು ಅಡಿ ಉದ್ದದ ವೆಲ್‌ಕಮ್ ಬರೆದು, ಮೂರು ನೆರಳು ಕೊಟ್ಟು, ಮುಂಬಾಗಿಲಿಗೆ ಹೊಡೆದೆ. ಅರ್ಥ ತಿಳಿದು ಬರೆದ ನನ್ನ ಮೊದಲ ಬೋರ್ಡು ಅದು. ಅಕ್ಷರವೂ ಸೊಟ್ಟಗಾಗಲಿಲ್ಲ.

ಮುಂದಿನ ವಾರವೇ ಅಕ್ಕ ಬಂದಳು. ಭಾವ ಬಂದರು. ಇಬ್ಬರು ಮಕ್ಕಳು, ಇಬ್ಬರು ಸೊಸೆಯರು, ಮೂರು ಮೊಮ್ಮಕ್ಕಳು ಬಂದರು. ನಾಲ್ಕು ವರ್ಷದ ಬಾಕಿ ಪ್ರೀತಿಯನ್ನೆಲ್ಲ ಒಟ್ಟಿಗೇ ತಂದಿದ್ದರು. ಮೊದಲ ದಿನ ನನಗೆ ಆನಂದಬಾಷ್ಪ. ಎರಡನೇ ದಿನ ಮಂಚ ಭಾವನವರಿಗೆ ಹೋಯಿತು. ಅವರ ಗೊರಕೆ ಕೇಳಿದಾಗ ಸೈಲೆನ್ಸ್ ಬೋರ್ಡನ್ನು ಆಸ್ಪತ್ರೆಗೆ ಕೊಟ್ಟದ್ದು ತಪ್ಪಾಯಿತು ಅನ್ನಿಸಿತು. ಮೂರನೇ ದಿನ ಮೊಮ್ಮಕ್ಕಳು ನನ್ನ ಒಳ್ಳೆಯ ಬ್ರಷ್‌ನಿಂದ ಬೀದಿನಾಯಿಗೆ ಕೆಂಪು ಬಳಿದರು. ನಾಲ್ಕನೇ ದಿನದಿಂದ ಭಾವನವರು ನನ್ನ ಕುರ್ಚಿಯಲ್ಲಿ ಕೂತು, ಮೇಲಿನ ಅಂತಸ್ತಿಗೆ ನಾನು ಬರೆಯುತ್ತಿದ್ದ ಬೋರ್ಡುಗಳನ್ನು ಓದಿ ಅರ್ಥ ಹೇಳತೊಡಗಿದರು. ನನಗೇ.

ಆರನೇ ದಿನ ಬೆಳಿಗ್ಗೆ ಬಚ್ಚಲಮನೆಯ ಸಾಲಿನಲ್ಲಿ ನಾನು ಎಂಟನೆಯವನು. ಸಾಲು ಬಿಟ್ಟು, ಹಿತ್ತಲ ಕಡೆಯಿಂದ ಸುತ್ತಿ ಬಂದು, ಅಡುಗೆಮನೆ ಕಿಟಕಿಯಲ್ಲಿ ತಲೆ ಬಗ್ಗಿಸಿದೆ. ಒಳಗೆ ಇವಳು ಹನ್ನೊಂದು ಜನರ ತಿಂಡಿಯ ನಡುವೆ ನಿಂತಿದ್ದಳು.

"ಏನು ಬೇಕು?"

"ಏನಿಲ್ಲ. ಆ ಹಳೇ ಬೋರ್ಡು ಎಲ್ಲಿಟ್ಟಿದ್ದೀಯ ಅಂತ."

"ಯಾಕೆ?"

"ಸುಮ್ಮನೆ. ತುಕ್ಕು ಹಿಡಿದೀತು ಅಂತ."

ಇವಳು ಸೌಟು ಕೆಳಗಿಟ್ಟು ಕಿಟಕಿಯ ಹತ್ತಿರ ಬಂದಳು. ಸೆರಗಿನ ತುದಿ ಬಾಯಿಗೆ ಹೋಯಿತು.

"ಆವತ್ತು ಅರ್ಥ ಗೊತ್ತಾಯ್ತು. ಇವತ್ತು ಉಪಯೋಗ ಗೊತ್ತಾಯ್ತು ಅಲ್ವಾ?" ಎಂದಳು. "ನೀರಿನ ಡ್ರಮ್ಮಿನ ಮೇಲಿದೆ. ದಿನಾ ಒರೆಸಿಡ್ತಿದ್ದೀನಿ."